ಸಾಫ್ಟ್‌ವೇರ್ ಡೆವಲಪರ್ ಯಾವ ಉನ್ನತ ಗಣಿತವನ್ನು ಕಲಿಯಬೇಕು: ಆಯ್ಕೆಗೊಂದು ಮಾರ್ಗದರ್ಶಿ

ಪ್ರೋಗ್ರಾಮಿಂಗ್ ವೃತ್ತಿಯಲ್ಲಿ ಕೆಲವು ವರ್ಷ ಕಳೆದ ಅನೇಕರಿಗೆ ಗಣಿತವನ್ನು ಮತ್ತೊಮ್ಮೆ ಗಂಭೀರವಾಗಿ ಕಲಿಯಬೇಕೆನ್ನಿಸುತ್ತದೆ, ಆದರೆ ಎಲ್ಲಿಂದ ಆರಂಭಿಸಬೇಕೆಂದು ತೋಚದೆ ಹೆಚ್ಚಿನವರು ಅಲ್ಲಿಯೇ ನಿಂತುಬಿಡುತ್ತಾರೆ. ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ, ಸಂಖ್ಯಾ ಸಿದ್ಧಾಂತ, ತರ್ಕಶಾಸ್ತ್ರ, ಕೆಟಗರಿ ಥಿಯರಿ ಎಂದು ಪಟ್ಟಿ ಬೆಳೆಯುತ್ತ ಹೋಗುತ್ತದೆ. ಪ್ರತಿಯೊಂದರ ಪರವಾಗಿಯೂ ವಾದಿಸುವವರಿರುತ್ತಾರೆ, ಮತ್ತು ಆ ವಾದಗಳು ಅವರವರ ಕೆಲಸದ ಮಟ್ಟಿಗೆ ಸರಿಯಾಗಿಯೇ ಇರುತ್ತವೆ. ಫಾರ್ಮಿನಿಂದ ಮಾಹಿತಿ ಪಡೆದು, ಡೇಟಾಬೇಸಿಗೆ ಸೇರಿಸಿ, ಬೇಕಾದಾಗ ತೆಗೆದು ತೋರಿಸುವ ಕೆಲಸಕ್ಕೆ ಪ್ರೌಢಶಾಲೆಯ ಗಣಿತಕ್ಕಿಂತ ಹೆಚ್ಚಿನದು ಬೇಕಾಗುವುದು ಅಪರೂಪವೆಂಬುದನ್ನೂ ಮೊದಲೇ ಒಪ್ಪಿಕೊಳ್ಳಬೇಕು. ಆದ್ದರಿಂದ ಡೆವಲಪರ್‌ಗೆ ಯಾವ ಗಣಿತ ಬೇಕು ಎಂದು ಸಾರಾಸಗಟಾಗಿ ಕೇಳುವ ಬದಲು, ನನ್ನ ಕೋಡಿನಲ್ಲಿ ಪರಿಶೀಲಿಸಲು ಬಾರದೆ ನಾನು ಸುಮ್ಮನೆ ನಂಬಿಕೊಂಡಿರುವುದು ಯಾವುದು ಎಂದು ಪ್ರತಿಯೊಬ್ಬರೂ ಕೇಳಿಕೊಂಡರೆ ಉತ್ತರ ಬೇಗ ಸಿಗುತ್ತದೆ.

ಹಳೆಯ ಕೋಡನ್ನು ತಿರುವಿಹಾಕಿ

ಕಳೆದ ಆರು ತಿಂಗಳಲ್ಲಿ ನೀವು ಬರೆದ ಅಥವಾ ರಿವ್ಯೂ ಮಾಡಿದ ಕೋಡನ್ನೂ, ಆ ಅವಧಿಯ ಬಗ್ ವರದಿಗಳನ್ನೂ, ಪ್ರೊಡಕ್ಷನ್‌ನಲ್ಲಿ ಎದುರಾದ ತೊಂದರೆಗಳ ಟಿಪ್ಪಣಿಗಳನ್ನೂ ಎದುರಿಗಿಟ್ಟುಕೊಂಡು ಮೂರು ಬಗೆಯ ಜಾಗಗಳನ್ನು ಗುರುತಿಸಿಕೊಳ್ಳಿ. ಮೊದಲನೆಯದು, ಕಾರಣವಿಲ್ಲದೆ ಬಂದು ಕುಳಿತ ಸಂಖ್ಯೆಗಳು: ಟೈಮ್‌ಔಟ್ 30 ಸೆಕೆಂಡು, ಕನೆಕ್ಷನ್ ಪೂಲ್ 10, ಹೋಲಿಕೆಯ ಮಿತಿ 0.8 ಎಂಬಂಥವು. ಎರಡನೆಯದು, ಲೈಬ್ರರಿಯ ಫಂಕ್ಷನ್ ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ನೀವು ಸ್ವತಂತ್ರವಾಗಿ ಹೇಳಲಾಗದ ಕಡೆಗಳು. ಮೂರನೆಯದು, ತಂಡದ ಚರ್ಚೆಯು ಲೆಕ್ಕದಿಂದ ಇತ್ಯರ್ಥವಾಗದೆ ಹಿರಿಯರೊಬ್ಬರ ಅಂದಾಜಿನಿಂದ ಮುಗಿದ ಸಂದರ್ಭಗಳು.

ಈ ಗುರುತುಗಳು ಸಾಮಾನ್ಯವಾಗಿ ಒಂದೆರಡು ಕಡೆ ಗುಂಪುಗೂಡಿರುತ್ತವೆ, ಮತ್ತು ಆ ಗುಂಪೇ ಶಾಖೆಯ ಹೆಸರನ್ನು ಸೂಚಿಸುತ್ತದೆ. ಗುರುತುಗಳೇ ಸಿಗದಿದ್ದರೆ ಸದ್ಯದ ಕೆಲಸಕ್ಕೆ ಹೊಸ ಗಣಿತ ಬೇಕಿಲ್ಲವೆಂದೇ ಅರ್ಥ. ಆಗ ಮುಂದೆ ಹೋಗಬಯಸುವ ಕ್ಷೇತ್ರದ ಯಾವುದಾದರೂ ಓಪನ್ ಸೋರ್ಸ್ ಕೋಡನ್ನು ಇದೇ ಕಣ್ಣಿನಿಂದ ಓದಬಹುದು, ಇಲ್ಲವೇ ಸಂತೋಷಕ್ಕಾಗಿ ಮನಸ್ಸಿಗೆ ಬಂದದ್ದನ್ನು ಕಲಿಯಬಹುದು. ಸಂತೋಷವೂ ಸಾಕಷ್ಟು ಗಟ್ಟಿಯಾದ ಕಾರಣವೇ. ಅದನ್ನು ವೃತ್ತಿಯ ಅಗತ್ಯವೆಂದು ತನಗೆ ತಾನೇ ನಂಬಿಸಿಕೊಂಡಾಗ ಮಾತ್ರ ಕೆಲವು ವಾರಗಳಲ್ಲಿ ನಿರಾಸೆಯಾಗುತ್ತದೆ.

ಸಂಖ್ಯೆಗಳಿಗೆ ಕಾರಣ ಬೇಕಾದಾಗ: ಸಂಭವನೀಯತೆ

ಸರ್ವರ್, ಡೇಟಾಬೇಸ್, ನೆಟ್‌ವರ್ಕ್ ಇವುಗಳ ನಡುವೆ ಕೆಲಸ ಮಾಡುವವರ ಗುರುತುಗಳಲ್ಲಿ ಬಹುಪಾಲು ಮೊದಲ ಬಗೆಯವೇ ಆಗಿರುತ್ತವೆ, ಮತ್ತು ಅವುಗಳಿಗೆ ಉತ್ತರ ಸಂಭವನೀಯತೆಯಲ್ಲಿಯೂ ಅದರ ಮೇಲೆ ನಿಂತಿರುವ ಕ್ಯೂ ಸಿದ್ಧಾಂತದಲ್ಲಿಯೂ (ಕಾಯುವ ಸಾಲುಗಳ ಗಣಿತ) ಇದೆ. ಯಾವುದನ್ನೂ ನಿರ್ಧರಿಸಲಾಗದವರು ಇದರಿಂದಲೇ ಆರಂಭಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮಷೀನ್ ಲರ್ನಿಂಗ್‌ನ ಸದ್ದಿನಲ್ಲಿ ಲೀನಿಯರ್ ಆಲ್ಜೀಬ್ರಾಕ್ಕೆ ಸಿಗುವ ಮನ್ನಣೆ ಸಂಭವನೀಯತೆಗೆ ಸಿಗುವುದಿಲ್ಲ, ಆದರೆ ದಿನನಿತ್ಯದ ಕೆಲಸದಲ್ಲಿ ತಪ್ಪು ಅಂದಾಜುಗಳಿಗೆ ಅತಿ ಹೆಚ್ಚು ಅವಕಾಶವಿರುವುದು ಇಲ್ಲಿಯೇ.

ಕನೆಕ್ಷನ್ ಪೂಲಿನ ಉದಾಹರಣೆಯನ್ನೇ ನೋಡೋಣ. ಸೆಕೆಂಡಿಗೆ ಸರಾಸರಿ 200 ಕೋರಿಕೆಗಳು ಬರುತ್ತಿದ್ದು, ಪ್ರತಿಯೊಂದೂ ಡೇಟಾಬೇಸ್ ಕನೆಕ್ಷನ್ನನ್ನು ಸರಾಸರಿ 50 ಮಿಲಿಸೆಕೆಂಡ್ ಹಿಡಿದಿಟ್ಟುಕೊಂಡರೆ, ಯಾವುದೇ ಕ್ಷಣದಲ್ಲಿ ಸರಾಸರಿ 200 ಗುಣಿಸು 0.05, ಅಂದರೆ 10 ಕನೆಕ್ಷನ್‌ಗಳು ಬಳಕೆಯಲ್ಲಿರುತ್ತವೆ. ಇದು ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ. ಕೋರಿಕೆಗಳು ಯಾವ ಕ್ರಮದಲ್ಲಿ ಬಂದರೂ, ಪ್ರತಿಯೊಂದಕ್ಕೆ ಎಷ್ಟೇ ಭಿನ್ನವಾದ ಸಮಯ ಹಿಡಿದರೂ, ದೀರ್ಘಾವಧಿಯ ಸರಾಸರಿಗಳು ಸ್ಥಿರವಾಗಿದ್ದರೆ ಅದು ಅನ್ವಯಿಸುತ್ತದೆ. ಪೂಲಿನ ಗಾತ್ರವನ್ನು 10 ಎಂದೇ ಇಟ್ಟರೆ ಒಂದು ಕನೆಕ್ಷನ್ ಕೂಡ ಬಿಡುವಾಗಿರಲು ಸಾಧ್ಯವಿಲ್ಲ, ಆದ್ದರಿಂದ ಸಣ್ಣ ಏರಿಳಿತ ಬಂದರೂ ಕಾಯುವ ಸಾಲು ಬೆಳೆಯುತ್ತಲೇ ಹೋಗುತ್ತದೆ.

ಎಷ್ಟು ಬಿಡುವು ಇಟ್ಟುಕೊಳ್ಳಬೇಕೆಂಬ ಮುಂದಿನ ಪ್ರಶ್ನೆಗೆ ಕ್ಯೂ ಸಿದ್ಧಾಂತದ ಅತ್ಯಂತ ಸರಳ ಮಾದರಿಯೂ ಒಳ್ಳೆಯ ಉತ್ತರವನ್ನೇ ಕೊಡುತ್ತದೆ. ಒಂದೇ ಸರ್ವರ್ ಇದ್ದು, ಕೋರಿಕೆಗಳು ಯಾದೃಚ್ಛಿಕವಾಗಿ ಬರುತ್ತವೆ ಮತ್ತು ಸೇವೆಯ ಅವಧಿ ಘಾತೀಯ ವಿತರಣೆಯನ್ನು ಅನುಸರಿಸುತ್ತದೆ ಎಂದಿಟ್ಟುಕೊಂಡರೆ, ಸರಾಸರಿ ಪ್ರತಿಕ್ರಿಯೆಯ ಸಮಯವೆಂದರೆ ಸೇವೆಯ ಸರಾಸರಿ ಅವಧಿಯನ್ನು ಸರ್ವರ್ ಖಾಲಿಯಿರುವ ಭಾಗದಿಂದ ಭಾಗಿಸಿದಷ್ಟು. ಸೇವೆಗೆ 10 ಮಿಲಿಸೆಕೆಂಡ್ ಹಿಡಿಯುವ ಸರ್ವರ್ ಅರ್ಧದಷ್ಟು ಹೊತ್ತು ಮಾತ್ರ ಕೆಲಸದಲ್ಲಿದ್ದರೆ ಉತ್ತರ ಬರಲು ಸರಾಸರಿ 20 ಮಿಲಿಸೆಕೆಂಡ್ ಬೇಕು. ಶೇ 90ರಷ್ಟು ಹೊತ್ತು ಕೆಲಸದಲ್ಲಿದ್ದರೆ 100, ಶೇ 95ಕ್ಕೆ ಏರಿದರೆ 200. ಸಿಪಿಯು ಇನ್ನೂ ಶೇ 5ರಷ್ಟು ಖಾಲಿಯಿದೆಯಲ್ಲ ಎಂದು ಡ್ಯಾಶ್‌ಬೋರ್ಡ್ ನೋಡಿ ಸಮಾಧಾನಪಟ್ಟುಕೊಳ್ಳುವವರು ಈ ಮೂರು ಸಂಖ್ಯೆಗಳನ್ನು ಒಮ್ಮೆ ತಾವೇ ಲೆಕ್ಕ ಹಾಕಬೇಕು.

ಇದೇ ಶಾಖೆಯ ಇನ್ನೂ ಕೆಲವು ಫಲಗಳು ಕೈಗೆ ಬೇಗ ಎಟುಕುತ್ತವೆ. ಒಂದು ಪುಟವನ್ನು ಸಿದ್ಧಪಡಿಸಲು 100 ಸೇವೆಗಳನ್ನು ಕರೆಯಬೇಕಿದ್ದು, ಪ್ರತಿ ಸೇವೆಯೂ ಸ್ವತಂತ್ರವಾಗಿ ನೂರರಲ್ಲಿ ಒಮ್ಮೆ ಮಾತ್ರ ನಿಧಾನವಾಗುತ್ತದೆ ಎಂದಾದರೂ, ಯಾವುದಾದರೊಂದು ನಿಧಾನವಾಗುವ ಸಂಭವನೀಯತೆ ಸುಮಾರು ಶೇ 63. ದಾಖಲೆಗಳಿಗೆ 32 ಬಿಟ್ಟಿನ ಯಾದೃಚ್ಛಿಕ ಗುರುತುಗಳನ್ನು ಕೊಟ್ಟರೆ, ನಾಲ್ಕು ನೂರು ಕೋಟಿಗೂ ಹೆಚ್ಚು ಸಾಧ್ಯತೆಗಳಿದ್ದರೂ, ಸುಮಾರು 77,000 ದಾಖಲೆಗಳಾಗುವಷ್ಟರಲ್ಲಿ ಎರಡಕ್ಕೆ ಒಂದೇ ಗುರುತು ಬಂದಿರುವ ಸಾಧ್ಯತೆ ಅರ್ಧಕ್ಕೆ ತಲುಪಿರುತ್ತದೆ; 23 ಜನರಿರುವ ಕೋಣೆಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ಹೆಚ್ಚೆಂಬ ಹಳೆಯ ಲೆಕ್ಕವೇ ಇದು. ಬರ್ಟನ್ ಬ್ಲೂಮ್ 1970ರಲ್ಲಿ ಪ್ರಕಟಿಸಿದ ಬ್ಲೂಮ್ ಫಿಲ್ಟರ್ ಅನ್ನು (ಒಂದು ಅಂಶ ಪಟ್ಟಿಯಲ್ಲಿದೆಯೇ ಎಂದು ಕಡಿಮೆ ಜಾಗದಲ್ಲಿ, ಕೆಲವೊಮ್ಮೆ ತಪ್ಪಿದರೂ, ಹೇಳುವ ದತ್ತಾಂಶ ರಚನೆ) ಬಳಸುವವರು, ಒಂದು ಅಂಶಕ್ಕೆ 10 ಬಿಟ್ ಕೊಟ್ಟರೆ ತಪ್ಪಾಗಿ ‘ಇದೆ’ ಎನ್ನುವ ಪ್ರಮಾಣ ಶೇ 1ಕ್ಕಿಂತ ಕೆಳಗಿಳಿಯುವುದು ಏಕೆಂದು ಒಂದು ಪುಟದ ಲೆಕ್ಕದಲ್ಲಿ ಕಂಡುಕೊಳ್ಳಬಹುದು. ಎ/ಬಿ ಪರೀಕ್ಷೆ (ಎರಡು ಆವೃತ್ತಿಗಳನ್ನು ಬೇರೆ ಬೇರೆ ಬಳಕೆದಾರರಿಗೆ ತೋರಿಸಿ ಹೋಲಿಸುವುದು) ನಡೆಸುವ ತಂಡದಲ್ಲಿದ್ದರೆ ಸಂಭವನೀಯತೆಯ ಬೆನ್ನಿಗೇ ಸಂಖ್ಯಾಶಾಸ್ತ್ರವನ್ನೂ ಸೇರಿಸಿಕೊಳ್ಳಬೇಕು. ಪ್ರತಿದಿನ ಫಲಿತಾಂಶ ಇಣುಕಿ ನೋಡಿ, ಅನುಕೂಲವಾದ ದಿನ ಪರೀಕ್ಷೆ ನಿಲ್ಲಿಸಿದರೆ, ಶೇ 5 ಎಂದುಕೊಂಡ ತಪ್ಪಿನ ಪ್ರಮಾಣ ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ.

ಇವಕ್ಕೆಲ್ಲ ಬೇಕಾದ ಪೂರ್ವಸಿದ್ಧತೆ ಹೆಚ್ಚೇನಿಲ್ಲ: ಎಣಿಕೆಯ ನಿಯಮಗಳು, ಶ್ರೇಣಿಗಳ ಮೊತ್ತ, ಸ್ವಲ್ಪ ಸಮಾಕಲನ. ಸಂಭವನೀಯತೆಯ ಅಮೂರ್ತ ಬುನಾದಿಯಾದ ಮೆಷರ್ ಥಿಯರಿಯಿಂದ ಆರಂಭಿಸಬೇಕೆಂಬ ಸಲಹೆಯನ್ನು ಸಂಶೋಧಕರಾಗಲು ಹೊರಟವರಿಗೆ ಬಿಟ್ಟುಕೊಡಬಹುದು.

ಲೈಬ್ರರಿಯ ಉತ್ತರವನ್ನು ನಂಬಲಾಗದಾಗ: ಲೀನಿಯರ್ ಆಲ್ಜೀಬ್ರಾ

ಗ್ರಾಫಿಕ್ಸ್, ಮಷೀನ್ ಲರ್ನಿಂಗ್, ಶಿಫಾರಸು ವ್ಯವಸ್ಥೆ, ಹುಡುಕಾಟ ಇವುಗಳಲ್ಲಿ ಕೆಲಸ ಮಾಡುವವರ ಗುರುತುಗಳು ವೆಕ್ಟರ್ ಮತ್ತು ಮ್ಯಾಟ್ರಿಕ್ಸ್‌ಗಳ ಸುತ್ತ ಸೇರಿರುತ್ತವೆ. ಇಂದು ಹೆಚ್ಚು ಮಂದಿ ಎದುರಿಸುವ ಸಂದರ್ಭವೆಂದರೆ ಪಠ್ಯವನ್ನು ಎಂಬೆಡಿಂಗ್ ಆಗಿ, ಅಂದರೆ ಅದರ ಅರ್ಥವನ್ನು ಸೂಚಿಸುವ ಸಂಖ್ಯೆಗಳ ವೆಕ್ಟರ್ ಆಗಿ, ಪರಿವರ್ತಿಸಿ, ಎರಡು ವೆಕ್ಟರ್‌ಗಳ ನಡುವಿನ ಕೋನದ ಕೊಸೈನ್ 0.8ಕ್ಕಿಂತ ಹೆಚ್ಚಿದ್ದರೆ ಅವು ಒಂದೇ ವಿಷಯದವು ಎಂದು ತೀರ್ಮಾನಿಸುವುದು. ಈ 0.8 ಎಲ್ಲಿಂದ ಬಂತು? 768 ಆಯಾಮಗಳಲ್ಲಿ ದಿಕ್ಕುಗಳನ್ನು ನಿಜಕ್ಕೂ ಯಾದೃಚ್ಛಿಕವಾಗಿ ಆರಿಸಿಕೊಂಡರೆ ಯಾವುದೇ ಎರಡು ಹೆಚ್ಚುಕಡಿಮೆ ಲಂಬವಾಗಿಯೇ ಇರುತ್ತವೆ. ಅವುಗಳ ಕೊಸೈನ್‌ನ ಸರಾಸರಿ ಸೊನ್ನೆ, ಮಾನಕ ವಿಚಲನೆ 768ರ ವರ್ಗಮೂಲದ ವಿಲೋಮ, ಅಂದರೆ ಸುಮಾರು 0.036. ಈ ಲೆಕ್ಕದ ಪ್ರಕಾರ 0.3 ಕೂಡ ಅಸಾಮಾನ್ಯ ಹೋಲಿಕೆ. ಆದರೆ ಎಷ್ಟೋ ಮಾಡೆಲ್‌ಗಳ ಎಂಬೆಡಿಂಗ್‌ಗಳು ಎಲ್ಲ ದಿಕ್ಕುಗಳಲ್ಲಿ ಹರಡಿರದೆ ಕಿರಿದಾದ ಒಂದು ಭಾಗದಲ್ಲಿ ಒತ್ತೊತ್ತಾಗಿ ಸೇರಿರುತ್ತವೆ, ಆಗ ಸಂಬಂಧವೇ ಇಲ್ಲದ ಎರಡು ವಾಕ್ಯಗಳಿಗೂ ದೊಡ್ಡ ಕೊಸೈನ್ ಬರಬಹುದು. ಹೀಗೆ 0.8 ಎಂಬುದಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ, ಮಾಡೆಲ್ ಬದಲಾದಾಗ ಅದನ್ನು ಮತ್ತೆ ಅಳೆಯಲೇಬೇಕು ಎಂಬುದು ಲೀನಿಯರ್ ಆಲ್ಜೀಬ್ರಾ ತಿಳಿದವರಿಗೆ ಹೇಳಿಸಿಕೊಳ್ಳದೆಯೇ ಹೊಳೆಯುತ್ತದೆ. ಮೂರು ಆಯಾಮಗಳ ಲೋಕದಲ್ಲಿ ಬೆಳೆದ ನಮ್ಮ ಅಂತಃಪ್ರಜ್ಞೆ ಇಲ್ಲಿ ಸಹಾಯಕ್ಕೆ ಬರುವುದಿಲ್ಲ.

ಈ ಶಾಖೆಯನ್ನು ಕಲಿಯುವ ಡೆವಲಪರ್‌ಗಳು ಒಂದು ವಿಷಯದಲ್ಲಿ ಗಣಿತದ ವಿದ್ಯಾರ್ಥಿಗಳಿಗಿಂತ ಬೇರೆ ದಾರಿ ಹಿಡಿಯಬೇಕು: ಡಿಟರ್ಮಿನಂಟ್‌ಗಳನ್ನು ಕೈಯಿಂದ ಬಿಡಿಸುವ ಅಭ್ಯಾಸಕ್ಕೆ ಕಡಿಮೆ ಸಮಯ ಕೊಟ್ಟು, ಮ್ಯಾಟ್ರಿಕ್ಸನ್ನು ಸರಳ ಮ್ಯಾಟ್ರಿಕ್ಸ್‌ಗಳ ಗುಣಲಬ್ಧವಾಗಿ ಒಡೆಯುವ ಕ್ಯೂಆರ್ ಮತ್ತು ಎಸ್‌ವಿಡಿ ವಿಭಜನೆಗಳಿಗೂ ಕಂಪ್ಯೂಟರಿನ ಫ್ಲೋಟಿಂಗ್ ಪಾಯಿಂಟ್ ಅಂಕಗಣಿತದ ಮಿತಿಗಳಿಗೂ ಹೆಚ್ಚು ಸಮಯ ಕೊಡಬೇಕು. ಕನಿಷ್ಠ ವರ್ಗಗಳ ವಿಧಾನದಲ್ಲಿ ದತ್ತಾಂಶಕ್ಕೆ ಸರಳರೇಖೆ ಹೊಂದಿಸುವಾಗ ಮ್ಯಾಟ್ರಿಕ್ಸನ್ನು ಅದರ ಟ್ರಾನ್ಸ್‌ಪೋಸ್‌ನಿಂದ ಗುಣಿಸಿ ಸಮೀಕರಣ ಬಿಡಿಸುವುದು ಕಾಗದದ ಮೇಲೆ ಸರಿಯಾಗಿದೆ, ಆದರೆ ಆ ಗುಣಾಕಾರವು ಕಂಡಿಷನ್ ನಂಬರನ್ನು (ಸಣ್ಣ ದೋಷವೊಂದು ಉತ್ತರದಲ್ಲಿ ಎಷ್ಟು ಪಟ್ಟು ಹಿಗ್ಗಬಹುದೆಂಬ ಅಳತೆ) ವರ್ಗ ಮಾಡುತ್ತದೆ. ಡಬಲ್ ಮಾದರಿಯಲ್ಲಿ ಸುಮಾರು 16 ದಶಮಾಂಶ ಅಂಕಿಗಳಷ್ಟೇ ನಿಖರತೆಯಿರುವುದರಿಂದ, ಮೂಲ ಕಂಡಿಷನ್ ನಂಬರ್ ಹತ್ತು ಕೋಟಿಯಷ್ಟಿದ್ದರೆ ವರ್ಗವಾದ ಮೇಲೆ ನಂಬಬಹುದಾದ ಒಂದು ಅಂಕಿಯೂ ಉಳಿಯದಿರಬಹುದು. ಪ್ರೋಗ್ರಾಂ ಯಾವ ಎಚ್ಚರಿಕೆಯನ್ನೂ ಕೊಡದೆ ಉತ್ತರವನ್ನು ಮುದ್ರಿಸುತ್ತದೆ.

ಭದ್ರತೆಯ ಕೋಡು ಮತ್ತು ಸಂಖ್ಯಾ ಸಿದ್ಧಾಂತ

ಗೂಢಲಿಪಿಯ ಲೈಬ್ರರಿಗಳನ್ನು ಬಳಸುವವರಿಗೆ ಶೇಷಗಳ ಅಂಕಗಣಿತ, ಗುಂಪುಗಳು (ಗ್ರೂಪ್) ಮತ್ತು ಸಾಂತ ಕ್ಷೇತ್ರಗಳು (ಫೈನೈಟ್ ಫೀಲ್ಡ್) ಬೇಕು. ಉದ್ದೇಶ ಮಾತ್ರ ಸ್ಪಷ್ಟವಿರಲಿ: ಈ ಗಣಿತವನ್ನು ಕಲಿಯುವುದು ಸ್ವಂತ ಗೂಢಲಿಪಿಯನ್ನು ಬರೆದು ಪ್ರೊಡಕ್ಷನ್‌ಗೆ ಹಾಕಲಿಕ್ಕಲ್ಲ, ಸಿದ್ಧ ಲೈಬ್ರರಿಯ ಷರತ್ತುಗಳನ್ನು ಮುರಿದರೆ ಏನಾಗುತ್ತದೆಂದು ಅರಿಯಲಿಕ್ಕೆ. ಎಲಿಪ್ಟಿಕ್ ಕರ್ವ್ ಸಹಿಗಳಲ್ಲಿ ಪ್ರತಿ ಸಹಿಗೂ ಹೊಸ ಗುಪ್ತ ಸಂಖ್ಯೆಯೊಂದನ್ನು ಬಳಸಬೇಕು. ಅದೇ ಸಂಖ್ಯೆಯನ್ನು ಎರಡು ಸಹಿಗಳಿಗೆ ಬಳಸಿದರೆ, ಹೊರಗಿನವರ ಕೈಗೆ ಎರಡು ಅಜ್ಞಾತಗಳಿರುವ ಎರಡು ರೇಖೀಯ ಸಮೀಕರಣಗಳು ಸಿಕ್ಕಂತಾಗುತ್ತದೆ. ಶಾಲೆಯಲ್ಲಿ ಕಲಿತ ವಿಧಾನದಿಂದಲೇ, ಶೇಷಗಳ ಲೆಕ್ಕದಲ್ಲಿ ಅವನ್ನು ಬಿಡಿಸಿದರೆ ಖಾಸಗಿ ಕೀಲಿ ಹೊರಬರುತ್ತದೆ. 2010ರ ಕೊನೆಯಲ್ಲಿ ಪ್ಲೇಸ್ಟೇಷನ್ 3ರ ಸಹಿಯ ಕೀಲಿ ಬಯಲಾದದ್ದು ಹೀಗೆಯೇ.

ಇದುವರೆಗೆ ಗಣಿತದ ಸಾಧನೆಗಳನ್ನೇ (ಪ್ರೂಫ್) ಬರೆಯದವರಿಗೂ ಈ ಶಾಖೆ ಒಳ್ಳೆಯ ಪ್ರವೇಶದ್ವಾರ, ಏಕೆಂದರೆ ಪೂರ್ವಜ್ಞಾನ ಬಹುತೇಕ ಬೇಕಿಲ್ಲ ಮತ್ತು ಪ್ರತಿ ಹೇಳಿಕೆಯನ್ನೂ ನಾಲ್ಕು ಸಾಲಿನ ಪ್ರೋಗ್ರಾಮಿನಿಂದ ಪರೀಕ್ಷಿಸಿ ನೋಡಬಹುದು. ಪರೀಕ್ಷೆಗೂ ಸಾಧನೆಗೂ ಇರುವ ಅಂತರವನ್ನೂ ಅದು ಬೇಗನೆ ಮನದಟ್ಟು ಮಾಡಿಸುತ್ತದೆ. ಎರಡನ್ನು ಒಂದು ಬೆಸಸಂಖ್ಯೆಗಿಂತ ಒಂದು ಕಡಿಮೆಯಿರುವ ಘಾತಕ್ಕೆ ಏರಿಸಿ, ಅದೇ ಬೆಸಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬಂದರೆ ಅದು ಅವಿಭಾಜ್ಯ ಸಂಖ್ಯೆ ಎಂದು ಊಹಿಸಿ 3ರಿಂದ ಪರೀಕ್ಷಿಸುತ್ತ ಹೋಗಿ. 339ರವರೆಗೆ ಊಹೆ ಎಲ್ಲಿಯೂ ಸೋಲುವುದಿಲ್ಲ. 341ರಲ್ಲಿ ಸೋಲುತ್ತದೆ, ಏಕೆಂದರೆ ಅದು 11 ಮತ್ತು 31ರ ಗುಣಲಬ್ಧ. ನೂರು ಟೆಸ್ಟ್ ಕೇಸ್ ಪಾಸಾದರೆ ಕೋಡು ಸರಿ ಎನ್ನುವ ಅಭ್ಯಾಸವಿರುವವರಿಗೆ ಇದೊಂದು ಉಪಯುಕ್ತ ಪೆಟ್ಟು.

ಇಲ್ಲಿ ಎಷ್ಟು ದೂರ ಹೋಗಬೇಕೆಂಬುದೂ ಈಚೆಗೆ ಬದಲಾಗಿದೆ. 1977ರ ಆರ್‌ಎಸ್‌ಎ ಗೂಢಲಿಪಿ ಪದ್ಧತಿಗೆ ಅವಿಭಾಜ್ಯ ಸಂಖ್ಯೆಗಳು ಸಾಕಾಗಿದ್ದವು. ಕ್ವಾಂಟಂ ಕಂಪ್ಯೂಟರುಗಳನ್ನು ಎದುರಿಸಲೆಂದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಅಂತಿಮಗೊಳಿಸಿದ ಎಂಎಲ್-ಕೆಇಎಂ ಎಂಬ ಕೀಲಿ ವಿನಿಮಯದ ಮಾನಕಕ್ಕೆ ಪಾಲಿನಾಮಿಯಲ್ ರಿಂಗ್‌ಗಳೂ ಲ್ಯಾಟಿಸ್‌ಗಳೂ (ಬಿಂದುಗಳ ಕ್ರಮಬದ್ಧ ಜಾಲರಿಗಳು) ಬೇಕು. ಭದ್ರತೆಯನ್ನೇ ವೃತ್ತಿಯಾಗಿಸಿಕೊಳ್ಳುವವರು ಅಮೂರ್ತ ಬೀಜಗಣಿತದವರೆಗೆ ನಡೆಯಲು ಸಿದ್ಧರಾಗಿಯೇ ಹೊರಡಬೇಕು.

ತರ್ಕ, ಬೀಜಗಣಿತ ಮತ್ತು ಕೆಟಗರಿ ಥಿಯರಿ

ಮೂರನೆಯ ಬಗೆಯ ಗುರುತುಗಳು, ಅಂದರೆ ಲೆಕ್ಕವಿಲ್ಲದೆ ಮುಗಿದ ಚರ್ಚೆಗಳು, ಹೆಚ್ಚಾಗಿ ಏಕಕಾಲಿಕ ಮತ್ತು ವಿತರಿತ ವ್ಯವಸ್ಥೆಗಳ ಸುತ್ತ ಇರುತ್ತವೆ. ಎರಡು ಪ್ರಕ್ರಿಯೆಗಳು ಹೀಗೆ ಹೆಣೆದುಕೊಂಡರೆ ಏನಾಗುತ್ತದೆ ಎಂಬ ಪ್ರಶ್ನೆಗೆ ವೈಟ್‌ಬೋರ್ಡಿನ ಬಾಣಗಳು ಸಾಲುವುದಿಲ್ಲ. ಗಣಗಳು, ಪ್ರೆಡಿಕೇಟ್ ತರ್ಕ ಮತ್ತು ಸ್ವಲ್ಪ ಕಾಲತರ್ಕವನ್ನು (ಸಮಯದೊಂದಿಗೆ ಬದಲಾಗುವ ಸ್ಥಿತಿಗಳ ತರ್ಕ) ಕಲಿತು ಲೆಸ್ಲಿ ಲ್ಯಾಂಪೋರ್ಟ್ ರೂಪಿಸಿದ ಟಿಎಲ್‌ಎ ಪ್ಲಸ್ ಭಾಷೆಯಲ್ಲಿ ವಿನ್ಯಾಸವನ್ನು ಬರೆದರೆ, ಕಂಪ್ಯೂಟರ್ ಎಲ್ಲ ಹೆಣಿಗೆಗಳನ್ನೂ ಹುಡುಕಿ ತಪ್ಪಿನ ದಾರಿಯನ್ನು ತೋರಿಸುತ್ತದೆ. ಅಮೆಜಾನ್‌ನ ಎಂಜಿನಿಯರುಗಳು 2011ರಿಂದ ತಮ್ಮ ಸ್ಟೋರೇಜ್ ಮತ್ತು ಡೇಟಾಬೇಸ್ ಸೇವೆಗಳ ವಿನ್ಯಾಸದಲ್ಲಿ ಇದನ್ನು ಬಳಸಿದ್ದಾರೆ. ಶಾಖೆಯ ವಿಸ್ತಾರಕ್ಕೆ ಹೋಲಿಸಿದರೆ ಬೇಕಾಗುವ ಗಣಿತ ತೀರ ಕಡಿಮೆ, ಲಾಭ ಬಹಳ ಹೆಚ್ಚು.

ಅಮೂರ್ತ ಬೀಜಗಣಿತದ ಮೊದಲ ಅಧ್ಯಾಯವೂ ಇಂತಹದೇ. ಕೆಲಸವನ್ನು ಹಲವು ಯಂತ್ರಗಳಿಗೆ ಹಂಚಿ ಉತ್ತರಗಳನ್ನು ಕೂಡಿಸಬೇಕಾದರೆ, ಕೂಡಿಸುವ ಕ್ರಿಯೆ ಸಹವರ್ತನೀಯವಾಗಿರಬೇಕು, ಅಂದರೆ ಆವರಣ ಎಲ್ಲಿ ಹಾಕಿದರೂ ಉತ್ತರ ಒಂದೇ ಇರಬೇಕು. ಸರಾಸರಿಗಳ ಸರಾಸರಿ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಮೊತ್ತ ಮತ್ತು ಎಣಿಕೆಯ ಜೋಡಿಯನ್ನು ಒಯ್ದರೆ ಗೆಲ್ಲುತ್ತದೆ. ಹತ್ತು ಸರ್ವರ್‌ಗಳ 99ನೆಯ ಪರ್ಸೆಂಟೈಲ್‌ಗಳನ್ನು (ಶೇ 99ರಷ್ಟು ಕೋರಿಕೆಗಳು ಎಷ್ಟು ಸಮಯದೊಳಗೆ ಮುಗಿಯುತ್ತವೆಂಬುದು) ಸರಾಸರಿ ಮಾಡಿ ತೋರಿಸುವ ಡ್ಯಾಶ್‌ಬೋರ್ಡ್ ಇದೇ ತಪ್ಪನ್ನು ಮಾಡುತ್ತಿರುತ್ತದೆ, ಹಿಸ್ಟೋಗ್ರಾಂಗಳನ್ನು ಕೂಡಿಸಿ ಆಮೇಲೆ ಪರ್ಸೆಂಟೈಲ್ ತೆಗೆದರೆ ಅದು ಸರಿಹೋಗುತ್ತದೆ. ಸಂದೇಶಗಳು ಹಿಂದುಮುಂದಾಗಿ, ಎರಡೆರಡು ಸಲ ಬಂದರೂ ಎಲ್ಲ ಪ್ರತಿಗಳು ಒಂದೇ ಸ್ಥಿತಿಗೆ ಬರಬೇಕೆಂದರೆ ಕ್ರಮ ಬದಲಿಸಿದರೂ ಪುನರಾವರ್ತಿಸಿದರೂ ಉತ್ತರ ಬದಲಾಗಬಾರದು ಎಂಬ ಇನ್ನೆರಡು ಷರತ್ತುಗಳು ಸೇರುತ್ತವೆ; ಸಿಆರ್‌ಡಿಟಿ ಎಂಬ ದತ್ತಾಂಶ ರಚನೆಗಳು ನಿಂತಿರುವುದು ಇವುಗಳ ಮೇಲೆ.

ಕೆಟಗರಿ ಥಿಯರಿಯನ್ನು ಐಲೆನ್‌ಬರ್ಗ್ ಮತ್ತು ಮ್ಯಾಕ್ ಲೇನ್ 1945ರಲ್ಲಿ ರೂಪಿಸಿದ್ದು ಗಣಿತದ ದೂರದೂರದ ಶಾಖೆಗಳಲ್ಲಿ ಮರುಕಳಿಸುವ ರಚನೆಗಳನ್ನು ಒಂದೇ ಭಾಷೆಯಲ್ಲಿ ಹೇಳುವುದಕ್ಕಾಗಿ. ಆ ಶಾಖೆಗಳ ಪರಿಚಯವೇ ಇಲ್ಲದವರಿಗೆ ಅದರ ಉದಾಹರಣೆಗಳು ಮುಟ್ಟುವುದು ಕಷ್ಟ. ಹ್ಯಾಸ್ಕೆಲ್ ಭಾಷೆಯಲ್ಲಿ ಮೊನ್ಯಾಡ್ (ಕ್ರಿಯೆಗಳನ್ನು ಒಂದರ ನಂತರ ಒಂದಾಗಿ ಜೋಡಿಸುವ ರಚನೆ) ಬಳಸಲು ಅದು ಅಗತ್ಯವಿಲ್ಲ, ಭಾಷೆಗಳನ್ನು ವಿನ್ಯಾಸ ಮಾಡುವವರಿಗೆ ಮಾತ್ರ ಅದು ಕೆಲಸದ ಸಾಧನ. ಮೊದಲ ಶಾಖೆಯಾಗಿ ಇದನ್ನು ಆರಿಸಿಕೊಳ್ಳುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ಉಳಿದವುಗಳನ್ನು ಕೆಲಸವೇ ಹೇಳುತ್ತದೆ. ಧ್ವನಿ, ಚಿತ್ರ, ವಿಡಿಯೊಗಳಲ್ಲಿ ಇರುವವರಿಗೆ ಫೂರಿಯೆ ವಿಶ್ಲೇಷಣೆ ತಪ್ಪಿದ್ದಲ್ಲ; ಜೆಪಿಇಜಿ ಚಿತ್ರಗಳು ನಾಸಿರ್ ಅಹ್ಮದ್, ನಟರಾಜನ್ ಮತ್ತು ಕೆ.ಆರ್. ರಾವ್ 1974ರಲ್ಲಿ ಪ್ರಕಟಿಸಿದ ಡಿಸ್ಕ್ರೀಟ್ ಕೊಸೈನ್ ಪರಿವರ್ತನೆಯನ್ನೇ ಬಳಸುತ್ತವೆ. ಗೇಮ್‌ಗಳಲ್ಲಿ ವಸ್ತುಗಳನ್ನು ತಿರುಗಿಸುವವರಿಗೆ ಕ್ವಾಟರ್ನಿಯನ್, ಭೌತಿಕ ಸಿಮ್ಯುಲೇಶನ್‌ಗೆ ಅವಕಲ ಸಮೀಕರಣಗಳು, ನ್ಯೂರಲ್ ನೆಟ್‌ವರ್ಕ್‌ಗಳ ತರಬೇತಿಗೆ ಬಹುಚರಗಳ ಸರಪಳಿ ನಿಯಮ ಬೇಕು. ಗ್ರಾಫ್‌ಗಳ ವಿಷಯದಲ್ಲಿ ಹೆಚ್ಚಿನವರಿಗೆ ಆಲ್ಗರಿದಮ್‌ಗಳೇ ಸಾಕು.

ಆಯ್ಕೆಯನ್ನು ಪರೀಕ್ಷಿಸುವುದು

ಶಾಖೆಯನ್ನು ಆರಿಸಿಕೊಂಡ ಕೂಡಲೇ ದಪ್ಪ ಪಠ್ಯಪುಸ್ತಕದ ಮೊದಲ ಪುಟದಿಂದ ಓದತೊಡಗಬೇಡಿ. ಗುರುತು ಹಾಕಿಕೊಂಡ ಜಾಗಗಳಲ್ಲಿ ಒಂದನ್ನು ಎತ್ತಿಕೊಂಡು, ಅದಕ್ಕೆ ಉತ್ತರಿಸಲು ಬೇಕಾದ ಪ್ರಮೇಯ ಯಾವುದೆಂದು ಹುಡುಕಿ, ಆ ಪ್ರಮೇಯದಿಂದ ಹಿಂದಕ್ಕೆ ಹೋಗುತ್ತ ನಿಮಗೆ ಈಗಾಗಲೇ ಗೊತ್ತಿರುವ ಗಣಿತದವರೆಗೆ ದಾರಿ ಎಷ್ಟು ಉದ್ದವಿದೆ ಎಂದು ನೋಡಿ. ಒಂದೆರಡು ಅಧ್ಯಾಯಗಳಾದರೆ ಆಯ್ಕೆ ಸರಿಯಾಗಿದೆ. ನಡುವೆ ಇಡೀ ಇನ್ನೊಂದು ಶಾಖೆಯೇ ಇದ್ದರೆ ಮೊದಲು ಅದನ್ನು ಆರಿಸಿಕೊಳ್ಳಬೇಕು.

ಬಳಿಕ ಮೂರು ವಾರಗಳ ಗಡುವು ಹಾಕಿಕೊಂಡು, ಆ ಒಂದು ಪ್ರಶ್ನೆಯನ್ನು ಎರಡು ದಾರಿಗಳಲ್ಲಿ ಬಿಡಿಸಿ: ಕಾಗದದ ಮೇಲೆ ಸೂತ್ರದಿಂದ, ಮತ್ತು ಸಿಮ್ಯುಲೇಶನ್ ಬರೆದು ಕಂಪ್ಯೂಟರಿನಿಂದ. ಎರಡೂ ಉತ್ತರಗಳು ಹೊಂದದಿದ್ದಾಗ ಕಾರಣ ಹುಡುಕುವ ಸಮಯದಲ್ಲಿಯೇ ಹೆಚ್ಚಿನ ಕಲಿಕೆ ನಡೆಯುತ್ತದೆ, ಆದ್ದರಿಂದ ಯಾವುದಾದರೂ ಒಂದನ್ನು ಬಿಟ್ಟುಬಿಡುವ ಆಸೆಗೆ ಒಳಗಾಗಬಾರದು. ಅಭ್ಯಾಸದ ಲೆಕ್ಕಗಳಲ್ಲಿ ಉತ್ತರ ನೋಡದೆ ಬಿಡಿಸಿದವುಗಳನ್ನಷ್ಟೇ ಎಣಿಸಿ. ವಿಡಿಯೊ ನೋಡಿ ಅರ್ಥವಾಯಿತೆನ್ನಿಸಿದ್ದು ಮರುದಿನ ಖಾಲಿ ಹಾಳೆಯ ಮುಂದೆ ಉಳಿದಿರುವುದಿಲ್ಲ. ಗಡುವಿನ ಕೊನೆಗೆ ಮೂಲ ಪ್ರಶ್ನೆಗೆ ಉತ್ತರ ಸಿಕ್ಕಿ, ಅದೇ ಶಾಖೆಯ ಹೊಸ ಪ್ರಶ್ನೆಗಳು ನಿಮ್ಮ ಕೋಡಿನಲ್ಲಿಯೇ ಕಾಣತೊಡಗಿದ್ದರೆ ಪಠ್ಯಪುಸ್ತಕವನ್ನು ತೆಗೆಯಬಹುದು. ಉತ್ತರ ಸಿಕ್ಕಿ ಕುತೂಹಲ ಮುಗಿದಿದ್ದರೆ ಅಲ್ಲಿಗೇ ನಿಲ್ಲಿಸುವುದೂ ತಪ್ಪಲ್ಲ, ಏಕೆಂದರೆ ಬೇಕಾಗಿದ್ದದ್ದು ದೊರೆತಿದೆ.

ಎರಡನೆಯ ಶಾಖೆಯನ್ನು ಆರಿಸುವಾಗ ಮೊದಲನೆಯದರೊಂದಿಗೆ ಸೇರುವಂಥದನ್ನೇ ನೋಡಿಕೊಳ್ಳಬೇಕು. ಸಂಖ್ಯಾ ಸಿದ್ಧಾಂತದ ಮುಂದಿನ ಹೆಜ್ಜೆ ಅಮೂರ್ತ ಬೀಜಗಣಿತ, ತರ್ಕಶಾಸ್ತ್ರದ ಮುಂದಿನದು ಟೈಪ್‌ಗಳ ತರ್ಕವಾದ ಟೈಪ್ ಥಿಯರಿ. ಸಂಭವನೀಯತೆ ಮತ್ತು ಲೀನಿಯರ್ ಆಲ್ಜೀಬ್ರಾಗಳು ಮಾರ್ಕೋವ್ ಸರಪಳಿಗಳಲ್ಲಿ (ಮುಂದಿನ ಹೆಜ್ಜೆ ಈಗಿನ ಸ್ಥಿತಿಯನ್ನಷ್ಟೇ ಅವಲಂಬಿಸುವ ಯಾದೃಚ್ಛಿಕ ಪ್ರಕ್ರಿಯೆಗಳು) ಸಂಧಿಸುತ್ತವೆ, ಮತ್ತು ಎರಡನ್ನೂ ಕಲಿತವರು ಮೊದಲು ಬರೆಯಬೇಕಾದ ಪ್ರೋಗ್ರಾಂ ಎಂದರೆ ಗೂಗಲ್ ಸ್ಥಾಪಕರಾದ ಬ್ರಿನ್ ಮತ್ತು ಪೇಜ್ 1998ರಲ್ಲಿ ಪ್ರಕಟಿಸಿದ, ವೆಬ್ ಪುಟಗಳ ಮಹತ್ವವನ್ನು ಅಳೆಯುವ ಪೇಜ್‌ರ‍್ಯಾಂಕ್. ಮನಬಂದಂತೆ ಲಿಂಕ್‌ಗಳನ್ನು ಒತ್ತುತ್ತ ಅಲೆಯುವವರು ದೀರ್ಘಾವಧಿಯಲ್ಲಿ ಯಾವ ಪುಟದಲ್ಲಿ ಎಷ್ಟು ಹೊತ್ತು ಇರುತ್ತಾರೆಂಬುದು ಸಂಭವನೀಯತೆಯ ಪ್ರಶ್ನೆ. ಒಂದು ವೆಕ್ಟರನ್ನು ಮ್ಯಾಟ್ರಿಕ್ಸ್‌ನಿಂದ ಮತ್ತೆ ಮತ್ತೆ ಗುಣಿಸುವುದು ಅದರ ಉತ್ತರ. ಡ್ಯಾಂಪಿಂಗ್ ಅಂಶ (ಅಲೆಯುವವರು ಲಿಂಕ್ ಒತ್ತಿಯೇ ಮುಂದೆ ಹೋಗುವ ಸಂಭವನೀಯತೆ) 0.85 ಇದ್ದಾಗ ಪ್ರತಿ ಸುತ್ತಿನಲ್ಲಿ ದೋಷ ಹಿಂದಿನದರ 0.85 ಪಟ್ಟಿಗಿಂತ ಹೆಚ್ಚಾಗಲಾರದು, ಆದ್ದರಿಂದ 50 ಸುತ್ತುಗಳಲ್ಲಿ ಅದು ಆರಂಭದ ದೋಷದ ಹತ್ತು ಸಾವಿರದಲ್ಲಿ ಮೂರು ಭಾಗಕ್ಕೆ ಇಳಿಯುತ್ತದೆ. ಪುಟಗಳ ಸಂಖ್ಯೆ ಸಾವಿರವಿದ್ದರೂ ಕೋಟಿಯಿದ್ದರೂ ಈ ಮಿತಿ ಬದಲಾಗುವುದಿಲ್ಲ, ಮತ್ತು ಏಕೆ ಬದಲಾಗುವುದಿಲ್ಲವೆಂದು ಸಾಧಿಸಲು ಅರ್ಧ ಪುಟ ಸಾಕು.